ಅಳಿಯನಿಗೆ, ದೋಣಿ ಕೊಂಡ ಸುದ್ದಿ ಕೇಳಿ

ಅಳಿಯಾ,

ನೀನು ದೋಣಿ ಕೊಂಡ ಸುದ್ದಿ ನನಗೆ ಬಂದದ್ದು ಗಂಗೊಳ್ಳಿಯಿಂದ. ನೀನಿರುವ ಇಥಾಕಾದಿಂದ ನನ್ನ ಮನೆಗೆ ಒಂದು ಗಂಟೆಯ ದಾರಿ, ಆದರೂ ಸುದ್ದಿ ಅರಬ್ಬಿ ಸಮುದ್ರ ಸುತ್ತಿಕೊಂಡು ಬಂತು. ‘ಅಣ್ಣ, ಅವ ಚಳಿಗಾಲದಲ್ಲಿ ಟ್ರೋಲಿಂಗಿಗೆ ಹೋಗ್ತಾನಂತೆ, ಒಬ್ಬನೇ ಬಲೆ ಎಳೆಯುವುದು ಹೇಗೆ?’ ಎಂದು ಕೇಳಿದ ನಿನ್ನ ಅಮ್ಮ ಅಳುವುದೊಂದು ಬಾಕಿ. ಅವಳ ಕಣ್ಣ ಮುಂದೆ ಇದ್ದದ್ದು ಮಲ್ಪೆ ಬಂದರಿನ ಟ್ರಾಲ್ ಬೋಟು, ವಿಂಚು, ಕಲಾಸಿಗಳು. ಬಲೆ ಎಳೆಯುವ ಟ್ರಾಲಿಂಗ್ ಬೇರೆ, ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗುವ ಟ್ರೋಲಿಂಗ್ ಬೇರೆ, ನಮ್ಮ ಅಪ್ಪ ಅಂಜಲ್ ಮೀನಿಗೆ ಗಾಳ ಎಳೆಯುತ್ತಿರಲಿಲ್ಲವೇ, ಅದೇ ಇದು ಎಂದು ಬಿಡಿಸಿ ಹೇಳಿದೆ. ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ನಮ್ಮ ಕಡೆ ಅಳಿಯಕಟ್ಟು ನಡೆಯುತ್ತಿದ್ದ ಕಾಲದಲ್ಲಿ ಮಾವನ ಮಾತಿಗೆ ಆಸ್ತಿಯ ಬಲ ಇತ್ತು. ನನ್ನ ಮಾತಿನ ಹಿಂದೆ ಇರುವುದು ಸೆನೆಕಾ ಸರೋವರದ ಮೇಲೆ ಕಳೆದ ಮೂವತ್ತೊಂದು ಚಳಿಗಾಲ ಮಾತ್ರ. ಆದರೂ ಕೇಳು.

ಮೊದಲು ಮೀನಿನ ವಿಷಯ. ಹೆಸರು ಲೇಕ್ ಟ್ರೌಟ್ ಆದರೂ ಇದು ನಿಜವಾಗಿ ಚಾರ್ ಎಂಬ ಗುಂಪಿಗೆ ಸೇರಿದ್ದು. ಕಪ್ಪು ಮೈಮೇಲೆ ತಿಳಿ ಚುಕ್ಕೆ, ಆಳವಾಗಿ ಕವಲೊಡೆದ ಬಾಲ ಇದ್ದರೆ ಲೇಕ್ ಟ್ರೌಟ್. ತಿಳಿ ಮೈಮೇಲೆ ಕಪ್ಪು ಚುಕ್ಕೆ ಇದ್ದರೆ ಬ್ರೌನ್ ಟ್ರೌಟ್. ಗಾಳಕ್ಕೆ ಬಿದ್ದದ್ದು ಯಾವುದು ಎಂದು ಗೊತ್ತಾಗದವನು ಎಷ್ಟು ಇಟ್ಟುಕೊಳ್ಳಬಹುದು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಎಂಬ ನಿಯಮವನ್ನು ಪಾಲಿಸುವುದಾದರೂ ಹೇಗೆ?

ಈ ಮೀನಿಗೆ ತಂಪು ಬೇಕು. ಸುಮಾರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಸಿಕ್ಕಿದರೆ ಅದಕ್ಕೆ ಅದೇ ಸ್ವರ್ಗ. ಜುಲೈಯಲ್ಲಿ ಮೇಲಿನ ನೀರು ಬಿಸಿಯಾದಾಗ ನೂರು ಅಡಿಗೂ ಕೆಳಗೆ ಹೋಗಿ ಕೂರುತ್ತದೆ. ಶರತ್ಕಾಲ ಬಂತೆಂದರೆ ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ, ಗಾಳಿ ಅದನ್ನು ಕಡೆಯುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಹೀಗಾಗಿ ಡಿಸೆಂಬರ್, ಜನವರಿ ಹೊತ್ತಿಗೆ ಮೇಲಿನಿಂದ ತಳದವರೆಗೆ ನೀರು ಹೆಚ್ಚುಕಡಿಮೆ ಒಂದೇ ತಂಪಿಗೆ ಬರುತ್ತದೆ. ಬೇಸಿಗೆಯಿಡೀ ನೆಲಮಾಳಿಗೆಯಲ್ಲಿ ಕೂತಿದ್ದವನಿಗೆ ಈಗ ಇಡೀ ಮನೆ ತನ್ನದು. ನೀನು ಚಳಿಗಾಲದಲ್ಲೇ ಹೋಗಬೇಕೆಂದು ಹಟ ಹಿಡಿದದ್ದಕ್ಕೆ ಕಾರಣ ಇದೇ ಇರಬೇಕು. ಸರಿಯಾದ ಕಾರಣವೇ.

ಹಾಗೆಂದು ಮೀನು ಮೇಲೆಯೇ ಇರುತ್ತದೆ ಎಂದು ನಂಬಿ ಕೂರಬೇಡ. ಎಲ್ಲಿ ಬೇಕಾದರೂ ಇರಬಲ್ಲ ಮೀನು ಊಟ ಇರುವಲ್ಲಿ ಇರುತ್ತದೆ. ಇಲ್ಲಿ ಅದರ ಊಟ ಆಲ್‌ವೈಫ್ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನು. ನಮ್ಮ ಬೂತಾಯಿಯ ದೂರದ ನೆಂಟ. ಆಲ್‌ವೈಫ್‌ಗೆ ಚಳಿ ಆಗದು, ವಿಪರೀತ ಚಳಿಯ ವರ್ಷ ರಾಶಿ ರಾಶಿ ಸಾಯುವುದೂ ಉಂಟು. ಮೇಲಿನ ನೀರು 4 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹಗುರಾಗಿ ಮೇಲೆಯೇ ಉಳಿಯುತ್ತದೆ, ತುಸು ಬೆಚ್ಚಗಿನದು ಅಡಿಯಲ್ಲಿ ಇರುತ್ತದೆ. ಆಲ್‌ವೈಫ್ ಅಲ್ಲಿ ಗುಂಪುಗೂಡುತ್ತದೆ, ಲೇಕ್ ಟ್ರೌಟ್ ಅದರ ಬೆನ್ನಿಗೆ. ಸೋನಾರ್ ಪರದೆಯ ಮೇಲೆ ಮೋಡದಂತೆ ಕಾಣುವುದು ಸಣ್ಣ ಮೀನು, ಅದರ ಅಡಿಯಲ್ಲಿ ತಳಕ್ಕೆ ಅಂಟಿಕೊಂಡ ದಪ್ಪ ಗೆರೆ ನಿನ್ನ ಮೀನು. ಮೋಡ ಕಾಣದ ಜಾಗದಲ್ಲಿ ಗಾಳ ಇಳಿಸಬೇಡ. ಅರ್ಧ ದಿನ ಬರೀ ಪರದೆ ನೋಡುತ್ತ ತಿರುಗಿದರೂ ನಷ್ಟವಿಲ್ಲ.

ಈಗ ವೇಗ. ನಿನಗೆ ಇದನ್ನೇ ಮೂರು ಸಲ ಹೇಳಬೇಕು, ಯಾಕೆಂದರೆ ನೀನು ಕಾರು ಓಡಿಸುವುದನ್ನು ನಾನು ನೋಡಿದ್ದೇನೆ. ತಣ್ಣೀರಿನಲ್ಲಿ ಮೀನಿನ ಮೈ ನಿಧಾನ, ಹಸಿವೂ ನಿಧಾನ. ಓಡುವ ಊಟದ ಹಿಂದೆ ಅದು ಬರುವುದಿಲ್ಲ. ಗಂಟೆಗೆ ಒಂದರಿಂದ ಒಂದೂವರೆ ಮೈಲಿ, ಬಹಳವೆಂದರೆ ಎರಡು. ರಥಬೀದಿಯಲ್ಲಿ ತೇರು ಎಳೆಯುವಾಗಿನ ನಡಿಗೆ ನೆನಪಿದೆಯಲ್ಲ, ಅಷ್ಟೇ. ನಿನ್ನ ಎಂಜಿನ್ 40 ಅಶ್ವಶಕ್ತಿಯದಂತೆ. ಅದನ್ನು ಎಷ್ಟು ತಗ್ಗಿಸಿದರೂ ಅದು ಮೂರು ಮೈಲಿಗಿಂತ ಕೆಳಗೆ ಬರಲು ಒಪ್ಪಲಿಕ್ಕಿಲ್ಲ. ಅದಕ್ಕೆ ನೀರಿನಲ್ಲಿ ಛತ್ರಿಯಂತೆ ಅರಳುವ ಬಟ್ಟೆಯ ಚೀಲ ಸಿಗುತ್ತದೆ, ದೋಣಿಯ ಬದಿಗೆ ಕಟ್ಟಿ ಬಿಟ್ಟರೆ ಹಿಡಿದು ಎಳೆಯುತ್ತದೆ. ಮೊದಲ ವರ್ಷ ನಾನು ಕಟ್ಟಿದ್ದು ಎರಡು ಬಕೆಟ್.

ಒಂದೇ ಗೆರೆಯಲ್ಲಿ ಹೋಗಬೇಡ, ಹಾವಿನಂತೆ ಡೊಂಕಾಗಿ ಹೋಗು. ತಿರುವಿನಲ್ಲಿ ಒಳಬದಿಯ ದಾರ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಬದಿಯದು ಜೋರಾಗಿ ಮೇಲೇಳುತ್ತದೆ. ಒಳಬದಿಯ ಗಾಳಕ್ಕೆ ಮೀನು ಬಿತ್ತೆಂದರೆ ನೀನು ಇನ್ನೂ ಜೋರಾಗಿ ಹೋಗುತ್ತಿದ್ದೀ ಎಂದು ಅರ್ಥ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಸಲ ಒಳಬದಿಯೇ.

ಸಲಕರಣೆಗೆ ದುಡ್ಡು ಸುರಿಯಬೇಡ. ಡೌನ್‌ರಿಗ್ಗರ್ ಎಂದರೆ ಹತ್ತು ಪೌಂಡಿನ ಸೀಸದ ಗುಂಡನ್ನು ಉಕ್ಕಿನ ತಂತಿಯಲ್ಲಿ ಇಳಿಸಿ ಗಾಳವನ್ನು ಬೇಕಾದ ಆಳದಲ್ಲಿ ಎಳೆಯುವ ಯಂತ್ರ. ಒಂದು ಸಾಕು. ಅದು ಬರುವ ಮುಂಚೆ ಈ ಸರೋವರಗಳಲ್ಲಿ ಜನ ತಾಮ್ರ ಎಳೆಯುತ್ತಿದ್ದರು, ಕೆಲವರು ಈಗಲೂ ಎಳೆಯುತ್ತಾರೆ. ನೂಲಿನ ಬದಲು ತಾಮ್ರದ ತಂತಿ. ತನ್ನ ಭಾರಕ್ಕೇ ಮುಳುಗುತ್ತದೆ. ತುದಿಗೆ ಎಲೆಯಷ್ಟು ತೆಳ್ಳಗಿನ ದೊಡ್ಡ ಬೆಳ್ಳಿ ಬಣ್ಣದ ಚಮಚ. ತಂತಿಯನ್ನು ಕೈಯಲ್ಲೇ ಹಿಡಿದು ಮುಂದಕ್ಕೆ ಎಳೆದು ಬಿಡಬೇಕು, ಬಿಟ್ಟಾಗ ಚಮಚ ಸಾಯುತ್ತಿರುವ ಮೀನಿನಂತೆ ಹೊರಳುತ್ತ ಬೀಳುತ್ತದೆ, ಬೀಳುವಾಗಲೇ ಮೀನು ಕಚ್ಚುತ್ತದೆ. ನೂರಾರು ಅಡಿ ತಂತಿ ಮತ್ತೆ ಸುತ್ತಿಕೊಳ್ಳುವುದು ಹೇಗೆ? ಹಳಬರು ಕೀಲಿ ಕೊಡುವ ಗ್ರಾಮಫೋನಿನ ಸ್ಪ್ರಿಂಗ್ ಮೋಟಾರು ಬಿಚ್ಚಿ ದೋಣಿಗೆ ಜೋಡಿಸಿಕೊಂಡಿದ್ದರು. ಹಾಡು ನಿಂತ ಮೇಲೆ ಮೀನು ಎಳೆಯುವ ಕೆಲಸ. ಉತ್ತರ ಅಮೆರಿಕದಲ್ಲಿ ಮೀನು ಸಾಕಣೆಯ ಪಿತಾಮಹ ಎನಿಸಿಕೊಂಡ ಸೇತ್ ಗ್ರೀನ್ ಇದೇ ಸೀಮೆಯವನು, 1864ರಲ್ಲಿ ಕ್ಯಾಲೆಡೋನಿಯಾದಲ್ಲಿ ಮರಿ ಮಾಡುವ ಕೇಂದ್ರ ಶುರು ಮಾಡಿದವನು. ಒಂದೇ ಭಾರದ ದಾರಕ್ಕೆ ಬೇರೆ ಬೇರೆ ಆಳದಲ್ಲಿ ಹಲವು ಚಮಚ ಕಟ್ಟಿ ಎಳೆಯುವ ವಿಧಾನಕ್ಕೆ ಈಗಲೂ ಅವನದೇ ಹೆಸರು. ನನಗೆ ತಾಮ್ರವೇ ಇಷ್ಟ. ತಳಕ್ಕೆ ತಗಲಿದ್ದು ಕಲ್ಲೋ ಕೆಸರೋ ಎಂಬುದು ಬೆರಳಿಗೇ ಗೊತ್ತಾಗುತ್ತದೆ, ಅಪ್ಪ ಹೊಳೆಬಾಯಲ್ಲಿ ದಾರ ಹಿಡಿದು ಕೂತದ್ದು ನೆನಪಾಗುತ್ತದೆ. ಆದರೆ ಚಳಿಗಾಲದಲ್ಲಿ ಕೈಗೆ ತಾಮ್ರ ಸಲ್ಲದು. ಅದು ಮೇ ತಿಂಗಳ ಸುಖ.

ದಾರದ ಮಾತು ಬಂದಾಗ ಇದೊಂದು. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲಿ ಒದ್ದೆ ದಾರ ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಹೆಣೆದ ದಾರ ನೀರು ಹಿಡಿದುಕೊಳ್ಳುತ್ತದೆ, ಒಂಟಿ ಎಳೆಯ ನೈಲಾನ್ ಅಷ್ಟು ಹಿಡಿಯುವುದಿಲ್ಲ. ಗಡ್ಡೆ ಕಟ್ಟಿದರೆ ಕೋಲಿನ ತುದಿಯನ್ನು ಸರೋವರದಲ್ಲೇ ಅದ್ದು, ಕರಗುತ್ತದೆ. ಆ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಬೆರಳಿನಿಂದ ಒಡೆಯಲು ಹೋದರೆ ತುದಿ ಮುರಿಯುತ್ತದೆ. ಉಂಗುರಕ್ಕೆ ಎಣ್ಣೆ ಸವರಿದರೆ ಗಡ್ಡೆ ಕಟ್ಟುವುದಿಲ್ಲ ಎಂದು ಯಾರೋ ಹೇಳಿದರೆಂದು ನಾನು ಊರಿನಿಂದ ತಂದ ತೆಂಗಿನೆಣ್ಣೆ ಸವರಿದ್ದೆ. 24 ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ! ಉಂಗುರಗಳೆಲ್ಲ ಮೇಣದಬತ್ತಿ. ಅತ್ತೆಗೆ ಇದನ್ನು ಹೇಳಬೇಡ, ಆ ಬಾಟಲಿ ಎಲ್ಲಿ ಹೋಯಿತೆಂದು ಅವಳು ಇನ್ನೂ ಹುಡುಕುತ್ತಿದ್ದಾಳೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮರೆತರೂ ಬರಿಗೈಯಲ್ಲಿ ಮನೆಗೆ ಬರುತ್ತೀ, ಅಷ್ಟೇ. ಮುಂದಿನದನ್ನು ಮರೆಯಬಾರದು.

ನೀನೂ ನಾನೂ ಪಂಚಗಂಗಾವಳಿಯಲ್ಲಿ ಈಜಿ ಬೆಳೆದವರು. ಈಜು ಬರುತ್ತದೆ ಎಂಬ ಧೈರ್ಯ ನಮ್ಮ ಮೈಯಲ್ಲೇ ಇದೆ. ಆ ಧೈರ್ಯವನ್ನು ಇಲ್ಲಿ ಕಾರಿನಲ್ಲೇ ಬಿಟ್ಟು ಬಾ. ಈ ನಾಡಿನ ಬಹಳ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಪಕ್ಕದ ಹನಿಯಾಯ್ ಸರೋವರ 30 ಅಡಿ ಆಳದ್ದು, ಜನ ಅದರ ಮೇಲೆ ನಡೆದಾಡಿ ತೂತು ಕೊರೆದು ಮೀನು ಹಿಡಿಯುತ್ತಾರೆ. ಸೆನೆಕಾ 618 ಅಡಿ, ನಿನ್ನ ಕಯೂಗಾ 435 ಅಡಿ. ಅಷ್ಟು ನೀರು ಬೇಸಿಗೆಯ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಆದ್ದರಿಂದಲೇ ನಾವು ಜನವರಿಯಲ್ಲೂ ದೋಣಿ ಇಳಿಸಬಹುದು. ಹೆಪ್ಪುಗಟ್ಟಿಲ್ಲ ಎಂದ ಮಾತ್ರಕ್ಕೆ ಅದು ಮನುಷ್ಯನ ಮೈಗೆ ಆಗುವ ನೀರಲ್ಲ.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಇದಕ್ಕೊಂದು ಲೆಕ್ಕ ಹೇಳಿಕೊಟ್ಟಿದ್ದಾರೆ: 1-10-1. ತಣ್ಣೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ನಿನ್ನ ಮಾತು ಕೇಳುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತೀ. ಆಗ ತಲೆ ನೀರೊಳಗಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಆಮೇಲೆ ಹತ್ತು ನಿಮಿಷ ಕೈಕಾಲು ಉಪಯೋಗಕ್ಕೆ ಬರುತ್ತವೆ. ಚಳಿಯಿಂದ ಎಚ್ಚರ ತಪ್ಪಲು ಸುಮಾರು ಒಂದು ಗಂಟೆ ಬೇಕು. ನೋಡು, ಗಂಟೆ ಇದೆ. ಆ ಗಂಟೆಯವರೆಗೆ ತೇಲಿಸುವುದು ಕೈಕಾಲಲ್ಲ, ಜಾಕೆಟ್. ಹಾಕಿಕೊಳ್ಳದವನು ಚಳಿಯಿಂದ ಸಾಯುವುದಿಲ್ಲ, ಅದಕ್ಕೂ ಮೊದಲೇ ಮುಳುಗುತ್ತಾನೆ.

ಇದು ಪುಸ್ತಕದ ಮಾತೆಂದು ತಿಳಿಯಬೇಡ. ನಾನು ಬಿದ್ದದ್ದು ಸರೋವರದ ನಡುವಿನಲ್ಲೂ ಅಲ್ಲ, ದಡದ ಕಟ್ಟೆಯ ಪಕ್ಕದಲ್ಲಿ. ಫೆಬ್ರುವರಿಯ ಒಂದು ಬೆಳಿಗ್ಗೆ, ದೋಣಿ ಕಟ್ಟಲು ಹಗ್ಗ ಹಿಡಿದು ಹಲಗೆಯ ಮೇಲೆ ಕಾಲಿಟ್ಟೆ; ಹಲಗೆಯ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಹಿಮ. ಕಟ್ಟೆಗೆ ಎರಡು ಮಾರು ದೂರ, ನೀರು ನನ್ನ ಎತ್ತರಕ್ಕಿಂತ ಸ್ವಲ್ಪ ಹೆಚ್ಚು. ಎರಡು ಮಾರು ಎಂದರೆ ಹೊಳೆಯಲ್ಲಿ ಒಂದು ಮುಳುಗಿಗೆ ದಾಟುತ್ತಿದ್ದ ದೂರ. ಕೂಗಲು ಬಾಯಿ ತೆರೆದರೆ ಸ್ವರ ಬರಲಿಲ್ಲ, ನಾಯಿ ಏದುವ ಸದ್ದು ಬಂತು. ಕಟ್ಟೆಯ ಅಂಚು ಹಿಡಿದೆ, ಮೇಲೆ ಹತ್ತಲಾಗಲಿಲ್ಲ. ಒದ್ದೆ ಬಟ್ಟೆ, ಬೂಟು, ಬೆರಳುಗಳು ಆಗಲೇ ಮರದ ಕೊರಡು. ಜೊತೆಗಿದ್ದ ಗೆಳೆಯ ಜಾಕೆಟಿನ ಕಾಲರು ಹಿಡಿದು ಎಳೆದು ಹಾಕಿದ. ಕಾರಿನಲ್ಲಿ ಕೂತ ಮೇಲೆ ಜಾಕೆಟಿನ ಜಿಪ್ಪು ಬಿಚ್ಚಲು ನನ್ನ ಕೈಯಲ್ಲಿ ಆಗಲಿಲ್ಲ, ಅವನೇ ಬಿಚ್ಚಿದ, ಮಗುವಿಗೆ ಬಿಚ್ಚುವಂತೆ. ಆ ದಿನ ಜಾಕೆಟ್ ಹಾಕಿಕೊಂಡದ್ದು ಕೂಡ ಬುದ್ಧಿಯಿಂದ ಅಲ್ಲ, ಗಾಳಿಗೆ ಬೆಚ್ಚಗಿರಲಿ ಎಂದು.

ನ್ಯೂಯಾರ್ಕ್ ರಾಜ್ಯದ ಕಾನೂನು ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ಹೋಗುವಾಗ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಲೇಬೇಕು ಎನ್ನುತ್ತದೆ. ಸೀಟಿನ ಅಡಿಯಲ್ಲಿ ಇಟ್ಟರೆ ಆಗದು. ನಿನ್ನ ದೋಣಿ 16 ಅಡಿ. ಗಾಳಿ ತುಂಬಿ ಉಬ್ಬುವ ತೆಳ್ಳಗಿನ ಪಟ್ಟಿಯಂಥದ್ದು ಬೇಡ, ಕೊರೆಯುವ ಚಳಿಯಲ್ಲಿ ಅದನ್ನು ನಾನು ನಂಬುವುದಿಲ್ಲ; ಫೋಮ್ ತುಂಬಿದ ಕೋಟು ತಗೋ, ಬೆಚ್ಚಗೂ ಇರುತ್ತದೆ. ಎಂಜಿನ್ ಆರಿಸುವ ಸ್ವಿಚ್ಚಿನ ಹಗ್ಗವನ್ನು ಮೈಗೆ ಸಿಕ್ಕಿಸಿಕೋ. 2021ರ ಏಪ್ರಿಲ್‌ನಿಂದ ಜೋರಾಗಿ ಓಡಿಸುವಾಗ ಅದೂ ಕಡ್ಡಾಯ, ಟ್ರೋಲಿಂಗಿನ ನಡಿಗೆಗೆ ಕಾನೂನು ಕೇಳುವುದಿಲ್ಲ. ಕೇಳದಿದ್ದರೇನು? ಒಬ್ಬನೇ ಬಿದ್ದರೆ ಒಂದೂವರೆ ಮೈಲಿ ವೇಗದಲ್ಲಿ ಹೋಗುವ ದೋಣಿಯನ್ನೂ ಈಜಿ ಹಿಡಿಯಲಾರೆ. ಒಬ್ಬನೇ ಹೋಗುವುದೇ ಬೇಡ ಎಂದು ಹೇಳಬೇಕಿತ್ತು, ಹೇಳಿದ್ದೇನೆ ಎಂದು ತಿಳಿದುಕೋ.

ಒಳಗೆ ಉಣ್ಣೆ ಬಟ್ಟೆ, ಹತ್ತಿಯದು ಬೇಡ. ಒಂದು ಜೊತೆ ಒಣ ಬಟ್ಟೆ ಕಾರಿನಲ್ಲಿ. ಥರ್ಮಾಸಿನಲ್ಲಿ ಶುಂಠಿ ಕಷಾಯ ಇರಲಿ, ಕಾಫಿ ಇರಲಿ, ಬ್ರಾಂದಿ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ, ಬಿಸಿಯಾಯಿತೆಂದು ಸುಳ್ಳು ಬೇರೆ ಹೇಳುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಮೂರಕ್ಕೆ ದಡದಲ್ಲಿರು.

ಗಾಳಿ ನೋಡಲು ನಿನಗೆ ಕಲಿಸಬೇಕಾಗಿಲ್ಲ, ಆದರೆ ಸಮುದ್ರದ ಗಾಳಿಯೇ ಬೇರೆ. ಸೆನೆಕಾ 38 ಮೈಲಿ ಉದ್ದ, ಅಗಲ ಮೂರು ಮೈಲಿ. ಉತ್ತರ ದಕ್ಷಿಣವಾಗಿ ಚಾಚಿದ ಓಣಿ. ಕಯೂಗಾ ಕೂಡ ಹಾಗೇ. ಉತ್ತರದಿಂದ ಬೀಸಿದ ಗಾಳಿ ಓಣಿಯುದ್ದಕ್ಕೂ ಅಲೆ ಕಟ್ಟುತ್ತ ಬಂದು ದಕ್ಷಿಣದ ತುದಿಯಲ್ಲಿ ನಿನ್ನ ಮುಖಕ್ಕೆ ಹೊಡೆಯುತ್ತದೆ. ಸಮುದ್ರದ ಅಲೆ ಉದ್ದ, ದೋಣಿ ಹತ್ತಿ ಇಳಿಯುತ್ತದೆ. ಸರೋವರದ ಅಲೆ ಗಿಡ್ಡ, ಒತ್ತೊತ್ತಾಗಿ ಬರುತ್ತದೆ, ಹತ್ತಿದ ದೋಣಿಗೆ ಇಳಿಯಲು ಜಾಗ ಕೊಡುವುದಿಲ್ಲ. ಯಾವಾಗಲೂ ಗಾಳಿಗೆ ಎದುರಾಗಿ ಹೊರಡು, ಗಾಳಿಯ ಜೊತೆ ಮರಳು. ಎಂಜಿನ್ ಕೈಕೊಟ್ಟರೂ ಗಾಳಿಯೇ ನಿನ್ನನ್ನು ಹೊರಟ ಕಡೆಗೆ ತಳ್ಳುತ್ತದೆ. ಊರಿನಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಸರ್ಕಾರವೇ ರಜೆ ಕೊಡುತ್ತದೆ. ಇಲ್ಲಿ ಆ ರಜೆಯನ್ನು ನಿನಗೆ ನೀನೇ ಕೊಟ್ಟುಕೊಳ್ಳಬೇಕು, ದಿನದ ಲೆಕ್ಕದಲ್ಲಿ. ಎರಡು ಗಂಟೆ ಕಾರು ಓಡಿಸಿ ಬಂದು, ನೀರು ನೋಡಿ, ದೋಣಿ ಇಳಿಸದೆ ಮರಳಿದ ದಿನಗಳೂ ನನ್ನ ಮೂವತ್ತೊಂದು ಚಳಿಗಾಲದ ಲೆಕ್ಕದಲ್ಲಿ ಸೇರಿವೆ.

ದೋಣಿ ಇಳಿಸುವ ಇಳಿಜಾರಿಗೆ ಒಂದು ಚೀಲ ಮರಳು ತೆಗೆದುಕೊಂಡು ಹೋಗು. ಒದ್ದೆ ಟ್ರೇಲರಿನಿಂದ ಸುರಿದ ನೀರು ಅಲ್ಲೇ ಹೆಪ್ಪುಗಟ್ಟಿ ನಿನ್ನ ಹಿಂದೆ ಬಂದವನ ಕಾರು ಸರೋವರಕ್ಕೆ ಜಾರುತ್ತದೆ. ದೋಣಿ ಮೇಲೆತ್ತಿದ ಕೂಡಲೇ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಬಸಿ; ಉಳಿದ ನೀರು ಗಡ್ಡೆಯಾದರೆ ಎರಕವನ್ನೇ ಸೀಳುತ್ತದೆ. ದೋಣಿ ಇಳಿಸುವ ಮುಂಚೆ ಅದರ ಬಿರಡೆ ಹಾಕಿದ್ದೀಯಾ ಎಂದು ನೋಡು. ನಗಬೇಡ. ಎಲ್ಲರೂ ಒಂದು ಸಲ ಮರೆಯುತ್ತಾರೆ.

ಇನ್ನು ಮೀನು ಬಿದ್ದ ಮೇಲೆ. ತಳದಿಂದ ಮೇಲೆ ಬರುವಾಗ ನೀರಿನಲ್ಲಿ ಗುಳ್ಳೆ ಏಳುವುದನ್ನು ನೋಡುತ್ತೀ. ಲೇಕ್ ಟ್ರೌಟ್ ತನ್ನ ಗಾಳಿಚೀಲದ ಗಾಳಿಯನ್ನು ಬಾಯಿಂದ ಬಿಡಬಲ್ಲದು, ತೇಗಿದ ಹಾಗೆ. ಎಲ್ಲ ಮೀನಿಗೂ ಈ ಭಾಗ್ಯ ಇಲ್ಲ. ಆಳದಿಂದ ಎಳೆದರೆ ಹೊಟ್ಟೆ ಉಬ್ಬಿ ಸಾಯುವವೂ ಇವೆ. ಆದ್ದರಿಂದ ಇದನ್ನು ಬಿಟ್ಟರೆ ಬದುಕುತ್ತದೆ, ನಿಧಾನವಾಗಿ ಎಳೆದು, ನೀರಲ್ಲೇ ಇಟ್ಟು ಗಾಳ ಬಿಡಿಸಿದರೆ. ಫೋಟೊ ತೆಗೆಯಲೆಂದು ಎತ್ತಿ ಹಿಡಿದು ಮೊಬೈಲ್ ಹುಡುಕುತ್ತ ನಿಂತೆಯೋ, ಆ ಗಾಳಿಗೆ ಅದರ ಕಿವಿರೂ ಕಣ್ಣೂ ಹೆಪ್ಪುಗಟ್ಟುತ್ತವೆ. ಹಿಮ ಕಟ್ಟಿದ ಹಲಗೆಯ ಮೇಲೆ ಮಲಗಿಸಲೇಬೇಡ.

ಯಾಕೆ ಇಷ್ಟು ಮರ್ಯಾದೆ ಎಂದರೆ, ಇದು ಬೇಗ ಬೆಳೆಯುವ ಮೀನಲ್ಲ. ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಆರೇಳು ವರ್ಷ, ಉತ್ತರದ ತಣ್ಣನೆಯ ಕೆರೆಗಳಲ್ಲಿ ಅದಕ್ಕಿಂತಲೂ ಹೆಚ್ಚು. ನಮ್ಮ ಬೂತಾಯಿ ಒಂದೇ ವರ್ಷದಲ್ಲಿ ದೊಡ್ಡದಾಗುತ್ತದೆ. ಗಾಳಕ್ಕೆ ಸಿಕ್ಕಿ ಅಧಿಕೃತ ದಾಖಲೆಯಾದ ಅತಿ ದೊಡ್ಡ ಲೇಕ್ ಟ್ರೌಟ್ 72 ಪೌಂಡಿನದು, 1995ರಲ್ಲಿ ಕೆನಡಾದ ಗ್ರೇಟ್ ಬೇರ್ ಸರೋವರದಲ್ಲಿ. ಅಷ್ಟಾಗಲು ಅದಕ್ಕೆ ಎಷ್ಟು ಚಳಿಗಾಲ ಬೇಕಾಯಿತೋ. ನಿನ್ನ ಗಾಳಕ್ಕೆ ಬಿದ್ದ ಹತ್ತು ಪೌಂಡಿನ ಮೀನು ನೀನು ಹೈಸ್ಕೂಲಿಗೆ ಹೋಗುತ್ತಿದ್ದಾಗಲೇ ಈ ನೀರಿನಲ್ಲಿ ಇದ್ದಿರಬಹುದು.

ಕೆಲವದರ ಪಕ್ಕೆಯಲ್ಲಿ ಬಳೆಯಂತೆ ದುಂಡಗಿನ ಗಾಯದ ಗುರುತು ಕಾಣುತ್ತದೆ. ಅದು ಲ್ಯಾಂಪ್ರೇ ಎಂಬ, ದವಡೆಯಿಲ್ಲದೆ ಬಾಯಿಯೇ ಹೀರುಗೊಳವೆಯಾದ ಪ್ರಾಣಿ ಅಂಟಿ ರಕ್ತ ಹೀರಿದ ಜಾಗ. ಹಡಗಿಗಾಗಿ ತೋಡಿದ ವೆಲ್ಯಾಂಡ್ ಕಾಲುವೆಯ ಮೂಲಕ ಇದು ಮೇಲಿನ ಮಹಾಸರೋವರಗಳಿಗೆ ಹೊಕ್ಕಿತು. 1921ರಲ್ಲಿ ಈರಿಯಲ್ಲಿ ಕಂಡಿತು, 1930ರ ದಶಕದಲ್ಲಿ ಮಿಷಿಗನ್, ಹ್ಯೂರಾನ್, ಸುಪೀರಿಯರ್ ತಲುಪಿತು. ಬಲೆಯವರು ಒಂದು ಕಡೆ, ಇದು ಇನ್ನೊಂದು ಕಡೆ. 1950ರ ದಶಕದ ಹೊತ್ತಿಗೆ ಅಲ್ಲಿಯ ಲೇಕ್ ಟ್ರೌಟ್ ಬಹುಪಾಲು ನಾಶವಾಗಿತ್ತು. ಮುಖ್ಯವಾಗಿ ಲ್ಯಾಂಪ್ರೇ ಮರಿಗಳನ್ನೇ ಕೊಲ್ಲುವಂಥ ಮದ್ದು ಸಿಕ್ಕಿ ಅದನ್ನು ತೊರೆಗಳಿಗೆ ಹಾಕತೊಡಗಿದ ಮೇಲೆ ಮೀನು ತುಂಬುವ ಕೆಲಸ ಶುರುವಾಯಿತು. ಆಗ ಒಂದು ಸಂಗತಿ ಕಂಡಿತು: ಲ್ಯಾಂಪ್ರೇ ಕಚ್ಚಿದರೂ ಬದುಕುಳಿಯುವುದರಲ್ಲಿ ನಮ್ಮ ಸೆನೆಕಾ ತಳಿ ಬೇರೆಯವಕ್ಕಿಂತ ಮುಂದು. ಅದಕ್ಕೇ ಈ ಸರೋವರದ ಮೀನಿನ ಸಂತತಿಯನ್ನು ಮಹಾಸರೋವರಗಳಿಗೆ ಒಯ್ದು ಬಿಟ್ಟರು. ಗಾಯದ ಗುರುತಿದ್ದ ಮೀನು ಬಂದರೆ ನಾನು ಬಿಟ್ಟುಬಿಡುತ್ತೇನೆ. ಅದು ಕಾನೂನಲ್ಲ, ನನ್ನ ಪದ್ಧತಿ.

ತಿನ್ನಲು ಎರಡು ಚಿಕ್ಕದು ಇಟ್ಟುಕೋ. ಎಣ್ಣೆ ಅಂಶ ಹೆಚ್ಚಿರುವ ಮೀನು, ಇಲ್ಲಿಯವರು ಮೂಗು ಮುರಿಯುತ್ತಾರೆ. ಹುಣಸೆಹುಳಿ, ಬ್ಯಾಡಗಿ ಮೆಣಸು ಬಿದ್ದರೆ ಆ ಎಣ್ಣೆಯೇ ರುಚಿ. ಬೂತಾಯಿ ತಿಂದು ಬೆಳೆದವರಿಗೆ ಇದನ್ನು ಹೇಳಿಕೊಡಬೇಕೇ? ಆದರೆ ಚರ್ಮ, ಬೆನ್ನು ಮತ್ತು ಹೊಟ್ಟೆಯ ಕೊಬ್ಬು ತೆಗೆದುಹಾಕು. ಪಿಸಿಬಿಯಂಥ ವಿಷಗಳು ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ, ಮುದಿ ಮೀನಿನಲ್ಲಿ ಹೆಚ್ಚು. ಯಾವ ಸರೋವರದ ಮೀನನ್ನು ಎಷ್ಟು ತಿನ್ನಬಹುದು ಎಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಕೊಡುತ್ತದೆ. ಮನೆಯಲ್ಲಿ ಮಗು ಇದೆ, ಓದಿಯೇ ಬಡಿಸು.

ಶನಿವಾರ ನಾನು ಬರುತ್ತೇನೆ. ಗಾಳ ಬೇಡ. ಖಾಲಿ ದೋಣಿಯನ್ನು ನಾಲ್ಕು ಸಲ ಇಳಿಸಿ ನಾಲ್ಕು ಸಲ ಎತ್ತುವ, ಅಷ್ಟೇ. ಅದಕ್ಕೆ ಮೊದಲು ಲೈಫ್ ಜಾಕೆಟ್ ಕೊಂಡ ರಸೀದಿಯ ಫೋಟೊ ಕಳಿಸು. ನಿನ್ನ ಅಮ್ಮನಿಗಲ್ಲ, ನನಗೆ.